ಮೂರು ವರ್ಷಕ್ಕೆಂದು ಬಂದವರು

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಸೂಲಗಿತ್ತಿಯರ ಶಾಲೆ ತೆರೆಯಲು ಪ್ರಸೂತಿ ತಜ್ಞರು ಬೇಕಾಗಿದ್ದಾರೆ ಎಂಬ ಜಾಹೀರಾತು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ನೋಡಿ ಅರ್ಜಿ ಹಾಕಿದವರು ಸಿಡ್ನಿಯ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಪತಿ, ನ್ಯೂಜಿಲೆಂಡ್ ಮೂಲದ ರೆಜಿನಾಲ್ಡ್. 1959ರಲ್ಲಿ ಆರು ವರ್ಷದ ಮಗನೊಂದಿಗೆ ಬಂದಿಳಿದಾಗ ಅವರ ಕರಾರು ಇದ್ದದ್ದು ಮೂರೇ ವರ್ಷಕ್ಕೆ.

ಅಲ್ಲಿ ಅವರು ಕಂಡದ್ದು ಅದುವರೆಗೆ ಪುಸ್ತಕದಲ್ಲಷ್ಟೇ ಓದಿದ್ದ ಕಾಯಿಲೆಯನ್ನು. ಚೊಚ್ಚಲ ಬಸುರಿಗೆ ನೋವು ಶುರುವಾಗುತ್ತದೆ, ಮಗು ಅಡ್ಡಸಿಕ್ಕಿಕೊಳ್ಳುತ್ತದೆ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲ, ರಸ್ತೆಯೂ ಇಲ್ಲ. ಎರಡು ದಿನ, ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ನರಳಾಟ. ಮಗುವಿನ ತಲೆ ತಾಯಿಯ ಮೂತ್ರಕೋಶವನ್ನು ಮೂಳೆಗೆ ಅದುಮಿ ಹಿಡಿದಿರುತ್ತದೆ. ರಕ್ತ ಹರಿಯದೆ ಅಲ್ಲಿನ ಮಾಂಸ ಕೊಳೆತು ತೂತಾಗುತ್ತದೆ. ಇದೇ ಫಿಸ್ಟುಲಾ. ಮಗು ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿದ ತಾಯಿಗೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತದೆ. ವಾಸನೆಗೆ ಹೆದರಿ ಗಂಡ ದೂರ ಮಾಡುತ್ತಾನೆ, ಊರವರು ಗುಡಿಸಲಿನಾಚೆ ಇಡುತ್ತಾರೆ. ಹೀಗೆ ಹೊರದಬ್ಬಿಸಿಕೊಂಡವರಲ್ಲಿ ಎಷ್ಟೋ ಜನ ಇನ್ನೂ ಹದಿಹರೆಯ ದಾಟದವರು.

ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಇದರ ಶಸ್ತ್ರಚಿಕಿತ್ಸೆಯ ಚರಿತ್ರೆಯೂ ಶುಭ್ರವಾದುದಲ್ಲ. ಅಮೆರಿಕದ ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಅದನ್ನು ಕಲಿತದ್ದು ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆಯಿಲ್ಲದೆ ಪ್ರಯೋಗ ಮಾಡಿ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರುಗಳು ದಾಖಲೆಯಲ್ಲಿ ಉಳಿದಿವೆ. ವೈದ್ಯನ ಹೆಸರಿಗಿಂತ ಮೊದಲು ನಾವು ನೆನೆಯಬೇಕಾದ ಹೆಸರುಗಳು ಅವು. ಹ್ಯಾಮ್ಲಿನ್ ದಂಪತಿಗೆ ದಾರಿ ತೋರಿಸಿದ್ದು ಕೈರೋದ ವೈದ್ಯ ನಗೀಬ್ ಮಹಫೂಜ್ ಅವರ ಕೆಲಸ. ನೊಬೆಲ್ ಪಡೆದ ಈಜಿಪ್ಟಿನ ಕಾದಂಬರಿಕಾರ ಹುಟ್ಟಿದಾಗ ಹೆರಿಗೆ ಮಾಡಿಸಿದವರು ಇವರೇ. ಕಾದಂಬರಿಕಾರನಿಗೆ ಇಟ್ಟದ್ದೂ ಇವರ ಹೆಸರನ್ನೇ.

ಒಬ್ಬಳು ವಾಸಿಯಾಗಿ ಊರಿಗೆ ಮರಳಿದರೆ ಸುದ್ದಿ ಹಬ್ಬುತ್ತಿತ್ತು. ದೂರದೂರದಿಂದ ನಡೆದು, ಬಸ್ಸು ಹಿಡಿದು ಹೆಂಗಸರು ಬರತೊಡಗಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳ ದಾನಿಗಳ ಮುಂದೆ ಕೈಚಾಚಿ ಕೂಡಿಸಿದ ಹಣದಲ್ಲಿ ಫಿಸ್ಟುಲಾ ರೋಗಿಗಳಿಗಾಗಿಯೇ ಒಂದು ಆಸ್ಪತ್ರೆ ಎದ್ದಿತು. ಅದು 1974. ಅದೇ ವರ್ಷ ಚಕ್ರವರ್ತಿ ಹೈಲೆ ಸೆಲಾಸಿಯ ಪಟ್ಟ ಹೋಗಿ ಸೇನಾಡಳಿತ ಬಂತು. ವಿದೇಶಿಯರು ಗಂಟುಮೂಟೆ ಕಟ್ಟಿದರೂ ಇವರು ಹೋಗಲಿಲ್ಲ.

ಚಿಕಿತ್ಸೆಗೆ ರೋಗಿಯಿಂದ ಕಾಸು ಕೇಳುವುದಿಲ್ಲ. ಊರಿಗೆ ಹೊರಟವಳಿಗೆ ಹೊಸ ಬಟ್ಟೆ, ಬಸ್ ಚಾರ್ಜು. ವಾರ್ಡಿನಲ್ಲಿ ಹೆಂಗಸರು ಹೊದ್ದ ಬಣ್ಣಬಣ್ಣದ ಶಾಲುಗಳನ್ನು ನೋಡಬೇಕು: ಯಾವ್ಯಾವುದೋ ದೇಶದ ಹೆಂಗಸರು ಹೆಣೆದು ಕಳಿಸಿದ ಉಣ್ಣೆಯ ಚೌಕಗಳನ್ನು ಜೋಡಿಸಿ ಮಾಡಿದವು. ದೊಡ್ಡ ಚೆಕ್ಕುಗಳಷ್ಟೇ ದಾನವಲ್ಲ.

ಮಮಿಟು ಗಾಶೆ ಹೀಗೆ ಬಂದವರಲ್ಲಿ ಒಬ್ಬರು. ಓದು ಬಾರದ ಹುಡುಗಿ. ತಾನು ಚಿಕಿತ್ಸೆ ಪಡೆಯುತ್ತಲೇ ಹಾಸಿಗೆ ಸರಿಪಡಿಸುತ್ತಾ, ಆಪರೇಷನ್ ಕೋಣೆಯಲ್ಲಿ ಕೈಗೆ ಸಲಕರಣೆ ಕೊಡುತ್ತಾ ಕಲಿತು, ಕೊನೆಗೆ ತಾನೇ ಶಸ್ತ್ರಚಿಕಿತ್ಸೆ ಮಾಡುವಷ್ಟು ಪಳಗಿದರು. ಡಿಗ್ರಿ ಪಡೆದ ಸರ್ಜನ್ನರು ಅವರ ಪಕ್ಕ ನಿಂತು ಕಲಿತರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅವರಿಗೂ ಹ್ಯಾಮ್ಲಿನ್ ದಂಪತಿಗೂ ಚಿನ್ನದ ಪದಕ ಕೊಟ್ಟಿತು.

ರೆಜಿನಾಲ್ಡ್ 1993ರಲ್ಲಿ ತೀರಿಕೊಂಡರು. ಕ್ಯಾಥರೀನ್ ಮುಂದುವರಿಸಿದರು. 2004ರಲ್ಲಿ, ಎಂಬತ್ತರ ವಯಸ್ಸಿನಲ್ಲಿ ಅವರು ಓಪ್ರಾ ವಿನ್‌ಫ್ರೇ ಟಿ.ವಿ. ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಮೇಲೆ ಅಮೆರಿಕದ ಮನೆಮನೆಗಳಿಂದ ದೇಣಿಗೆ ಹರಿದುಬಂತು. ಬಹಿರ್ ದಾರ್, ಮೆಕೆಲೆ, ಹರಾರ್ ಸೇರಿ ಐದು ಕಡೆ ಶಾಖಾ ಆಸ್ಪತ್ರೆಗಳಾದವು. 2020ರಲ್ಲಿ, 96ನೇ ವಯಸ್ಸಿನಲ್ಲಿ ಕ್ಯಾಥರೀನ್ ಅಡಿಸ್ ಅಬಾಬಾದಲ್ಲೇ ಕಣ್ಣುಮುಚ್ಚುವ ಹೊತ್ತಿಗೆ ಈ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದವರ ಸಂಖ್ಯೆ 60 ಸಾವಿರ ದಾಟಿತ್ತು.

ಇಷ್ಟಾದರೂ ಅವರಿಗೆ ಒಂದು ಕೊರಗು ಇತ್ತು. ಅವರು ಯಾವ ಶಾಲೆಗಾಗಿ ಬಂದಿದ್ದರೋ ಅದು ಕೆಲವೇ ಸೂಲಗಿತ್ತಿಯರನ್ನು ತಯಾರು ಮಾಡಿ ಬಾಗಿಲು ಹಾಕಿತ್ತು. ಹೆರಿಗೆ ಕಷ್ಟವಾಗುತ್ತಿದೆ ಎಂದು ಹೊತ್ತಿಗೆ ಸರಿಯಾಗಿ ಗುರುತಿಸಿ ಸಿಸೇರಿಯನ್‌ಗೆ ಕಳಿಸುವವರು ಹಳ್ಳಿಯಲ್ಲಿದ್ದರೆ ಫಿಸ್ಟುಲಾ ಆಗುವುದೇ ಇಲ್ಲ. ಬಂದ 48 ವರ್ಷಗಳ ನಂತರ, 2007ರಲ್ಲಿ, ಹ್ಯಾಮ್ಲಿನ್ ಸೂಲಗಿತ್ತಿಯರ ಕಾಲೇಜು ಶುರುವಾಯಿತು. ಹಳ್ಳಿಗಾಡಿನ ಹುಡುಗಿಯರನ್ನೇ ಆರಿಸಿ, ಪೂರ್ತಿ ಖರ್ಚು ವಹಿಸಿ ಓದಿಸಿ, ತಮ್ಮ ಸೀಮೆಗೇ ಮರಳಿ ಕಳಿಸುವುದು ಅದರ ಪದ್ಧತಿ.

ದೇಣಿಗೆ ಬರುವುದು ಹೆಚ್ಚಾಗಿ ವಾಸಿಯಾದವಳ ಮುಖ ನೋಡಿ. ಅದು ತಪ್ಪಲ್ಲ, ಆ ಹಣ ಬೇಕೇ ಬೇಕು. ಆದರೆ ಕಾಯಿಲೆಯನ್ನೇ ಬಾರದಂತೆ ತಡೆದ ಸೂಲಗಿತ್ತಿಯ ಕೆಲಸವನ್ನು ತೋರಿಸಲು ಅಂಥ ಮುಖವಿರುವುದಿಲ್ಲ. ಹೆಣ್ಣುಮಕ್ಕಳ ಆರೋಗ್ಯಕ್ಕೆ ಕೊಡುವ ಮನಸ್ಸು ಮಾಡಿದವರು ಆಪರೇಷನ್ ಕೋಣೆಗೆ ಕೊಟ್ಟಷ್ಟೇ ಧಾರಾಳವಾಗಿ ಸೂಲಗಿತ್ತಿಯ ಓದಿಗೆ, ಅವಳ ಸಂಬಳಕ್ಕೂ ಕೊಡಬೇಕು.