‘ವಿಯರ್ಡ್’ ಎಂಬ ಮಾತು

ತಂದೆಯನ್ನು ಹಠಾತ್ತನೆ ಕಳೆದುಕೊಂಡು ಕಾಲೇಜಿಗೆ ಮರಳಿದ ವಿದ್ಯಾರ್ಥಿಯೊಬ್ಬನು, ‘ಎಲ್ಲವೂ ವಿಯರ್ಡ್ ಆಗಿ ತೋರುತ್ತಿದೆ, ಸಾರ್’ ಎಂದನು. ವಿವರಿಸಲಾಗದ್ದಕ್ಕೆಲ್ಲ ಸಲ್ಲುವ ಈ ಇಂಗ್ಲಿಷ್ ಪದಕ್ಕೆ ಇಂದು ವಿಚಿತ್ರ, ವಿಲಕ್ಷಣ ಎಂದಷ್ಟೇ ಅರ್ಥ. ಮೂಲದಲ್ಲಿ ಅದು ಇಷ್ಟು ಹಗುರಾಗಿರಲಿಲ್ಲ. ಪ್ರಾಚೀನ ಇಂಗ್ಲಿಷಿನ ‘ವಿರ್ಡ್’ ಎಂದರೆ ಸಾಕ್ಷಾತ್ ವಿಧಿ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೂವರು ‘ವಿಯರ್ಡ್’ ಸೋದರಿಯರು ಬರಿಯ ವಿಕಾರರೂಪಿನ ಮುದುಕಿಯರಲ್ಲ, ಹಣೆಬರಹವನ್ನು ಬಲ್ಲವರು. ನೋಡಿದವರ ನೆನಪಿನಲ್ಲಾದರೋ ಅವರ ಗಡ್ಡವೂ ಕುದಿಯುವ ಕಡಾಯಿಯೂ ಉಳಿದವು, ವಿಧಿ ಮರೆಯಾಯಿತು! 19ನೆಯ ಶತಮಾನದ ಆರಂಭದ ಕವಿಗಳಲ್ಲಿ ಪದವು ಇಂದಿನ ಅರ್ಥಕ್ಕೆ ಇಳಿಯಿತು. ಇನ್ನೂ ಸೋಜಿಗವೆಂದರೆ, ‘ವಿರ್ಡ್’ನ ಮೂಲಧಾತುವಿಗೆ ‘ತಿರುಗು’ ಎಂದರ್ಥ; ಸಂಸ್ಕೃತದ ‘ವೃತ್’ ಅದರ ಒಡಹುಟ್ಟು. ನಮ್ಮ ‘ಪರಿವರ್ತನೆ’ಯೂ ಅದೇ ಕುಲದ್ದು. ಆ ಹುಡುಗನಿಗೆ ಇದನ್ನೆಲ್ಲ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ತಿಳಿಯದೆಯೇ ಅವನು ಪದವನ್ನು ಅದರ ಹಳೆಯ ಅರ್ಥದಲ್ಲಿ ಆಡಿದ್ದನು.