ಅಧ್ಯಾಪಕರ ಮುಂದುವರಿದ ವ್ಯಾಸಂಗ: ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಅಂತರಜಾಲ ಶಿಕ್ಷಣ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಕ್ರಿಸ್ತಶಕ ಒಂಬತ್ತು ಹಾಗೂ ಹತ್ತನೆಯ ಶತಮಾನಗಳಲ್ಲಿ ಜೈನವಿದ್ಯೆಯ ಕೇಂದ್ರವಾಗಿದ್ದಿತೆಂಬುದು ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರೆಲ್ಲರಿಗೂ ತಿಳಿದ ಸಂಗತಿ. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕವರ್ಷ 820ರಲ್ಲಿ, ಎಂದರೆ 898ರ ಸುಮಾರಿಗೆ, ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ ಪೂಜೆಗೊಂಡಿತು. ಗಂಗ ದೊರೆಯಾದ ಮಾರಸಿಂಹನು ರಾಜ್ಯವನ್ನು ತೊರೆದು ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟದ್ದು ಅದೇ ಊರಿನಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಮುದುವೊಳಲಿನ ಬಳೆಗಾರರ ಮನೆಯ ಹುಡುಗನಾದ ರನ್ನನು ವಿದ್ಯೆಯನ್ನರಸಿ ಆ ಅಜಿತಸೇನರ ಬಳಿಗೇ ಬಂದನೆಂದು ಚರಿತ್ರೆಕಾರರು ಹೇಳುತ್ತಾರೆ. ಅಂದು ಗುರುವು ಇದ್ದ ಊರಿಗೆ ಶಿಷ್ಯನು ನಡೆದು ಬರುತ್ತಿದ್ದನು. ಇಂದು ಅದೇ ಬಂಕಾಪುರದ ಶಾಲಾಶಿಕ್ಷಕನು ತನ್ನ ಕೈಯಲ್ಲಿರುವ ಫಲಕದ ಮೇಲೆ ದೆಹಲಿಯ ಉಪನ್ಯಾಸವನ್ನು ಕೇಳುತ್ತಾನೆ. ಈ ಬದಲಾವಣೆಯಿಂದ ನಮ್ಮ ನಾಲ್ಕು ತಾಲ್ಲೂಕುಗಳ ಅಧ್ಯಾಪಕರಿಗೆ ದೊರೆತದ್ದೇನು, ದೊರೆಯದೆ ಉಳಿದದ್ದೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದೂರದಲ್ಲಿರುವ ಶಿಕ್ಷಕನಿಗೆ ಪಾಠ ಹೇಳುವ ಪ್ರಶ್ನೆಯು ಈ ಭಾಗಕ್ಕೆ ಹೊಸದಲ್ಲ. ಇಂದಿನ ಶಿಗ್ಗಾಂವಿ ತಾಲ್ಲೂಕನ್ನು ಹಿಂದೆ ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರನ್ನು ಕೋಡ ತಾಲ್ಲೂಕೆಂದೂ ಕರೆಯುತ್ತಿದ್ದರು. ಇವೆರಡೂ ಹಾನಗಲ್ಲೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನವಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯು ರಚಿತವಾಗುವವರೆಗೆ ನಾಲ್ಕು ತಾಲ್ಲೂಕುಗಳ ವಿದ್ಯಾವಂತರಿಗೂ ಧಾರವಾಡವೇ ದಿಕ್ಕು. ಅಂದಿನ ಶಿಕ್ಷಕನ ಅರ್ಹತೆಯೆಂದರೆ ಮುಲ್ಕಿ ಪರೀಕ್ಷೆ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು ಆ ಪರೀಕ್ಷೆಯನ್ನು ಮುಗಿಸಿ ಸುತ್ತಲಿನ ಹಳ್ಳಿಗಳಲ್ಲಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು; ಅನಂತರ ನೌಕರಿಯನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಸರಕಾರವು ಕೊಟ್ಟ ಅರ್ಹತೆಯೊಂದು, ತಾನೇ ಅರಸಿಕೊಂಡ ವಿದ್ಯೆ ಮತ್ತೊಂದು. ಈ ಭೇದವು ಮುಂದೆಯೂ ನಮಗೆ ಎದುರಾಗುತ್ತದೆ.

ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರನ್ನು ಕನ್ನಡ ಶಾಲೆಗಳ ರಕ್ಷಕರೆಂದು ನಾವು ಸ್ಮರಿಸುತ್ತೇವೆ. ಮರಾಠಿಯ ಪ್ರಾಬಲ್ಯವಿದ್ದ ಆ ದಿನಗಳಲ್ಲಿ ಕನ್ನಡ ಬಲ್ಲ ಶಿಕ್ಷಕರನ್ನು ತಯಾರಿಸುವುದೇ ಅವರಿಗೆ ಮೊದಲ ಕೆಲಸವಾಯಿತು. ಆದರೆ ನಾರ್ಮಲ್ ಶಾಲೆಯು ವರ್ಷಕ್ಕೆ ಎಷ್ಟು ಜನರನ್ನು ತಾನೆ ತರಬೇತುಗೊಳಿಸಬಲ್ಲದು? ತರಬೇತಿ ಪಡೆದು ಹಳ್ಳಿಗೆ ಹೋದವನು ಹತ್ತು ವರ್ಷಗಳಲ್ಲಿ ಕಲಿತದ್ದನ್ನು ಮರೆಯುತ್ತಾನೆ. ತರಬೇತಿಯಿಲ್ಲದವನಂತೂ ತನ್ನ ಮಾಸ್ತರನು ಹೊಡೆದು ಕಲಿಸಿದಂತೆಯೇ ತಾನೂ ಕಲಿಸುತ್ತಾನೆ. ಈ ಕೊರತೆಯನ್ನು ತುಂಬಲು 1860ರ ದಶಕದಲ್ಲಿ ಹುಟ್ಟಿದ ಉಪಾಯವೇ ಮಠಪತ್ರಿಕೆ. ಇಲ್ಲಿ ‘ಮಠ’ವೆಂದರೆ ಶಾಲೆ. ಪಾಠ ಹೇಳುವ ಕ್ರಮವನ್ನು ಅಚ್ಚುಮಾಡಿ ಟಪಾಲಿನಲ್ಲಿ ಊರೂರಿಗೆ ಕಳುಹಿಸುವ ಈ ಪದ್ಧತಿಯು ಬೇರೆಬೇರೆ ಹೆಸರುಗಳಲ್ಲಿ ಮುಂದುವರಿದು ‘ಜೀವನ ಶಿಕ್ಷಣ’ವೆಂಬ ಮಾಸಪತ್ರಿಕೆಯ ರೂಪವನ್ನು ತಾಳಿತು. ಹೊಸದೆಂದು ನಾವು ಭಾವಿಸುವ ದೂರಶಿಕ್ಷಣದ ಬೇರು ಈ ನೆಲದಲ್ಲಿ ಒಂದೂವರೆ ಶತಮಾನಕ್ಕೂ ಹಿಂದಿನದು. ಹಾನಗಲ್ಲಿನ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಮಠಾಧಿಪತಿಗಳಾಗತಕ್ಕವರಿಗೂ ಕ್ರಮಬದ್ಧವಾದ ಶಿಕ್ಷಣ ಬೇಕೆಂಬ ವಿಚಾರದಿಂದಲೇ. ಬೋಧಿಸುವವನಿಗೆ ಬೋಧನೆ ಬೇಕೆಂಬ ಮಾತನ್ನು ಒಪ್ಪಿಸಲು ಈ ಭಾಗದಲ್ಲಿ ಹೆಚ್ಚು ವಾದ ಮಾಡಬೇಕಾಗಿಲ್ಲ.

ಟಪಾಲಿನ ಅನಂತರ ಬಾನುಲಿ ಬಂದಿತು. ಧಾರವಾಡ ಆಕಾಶವಾಣಿಯು 1950ರ ಜನವರಿ 8ರಂದು ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಪ್ರಾರಂಭಿಸಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮೈದಳೆಯಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು; ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನವನ್ನು ಕುರಿತು ಹನ್ನೆರಡು ದಿನಗಳ ತರಬೇತಿಯೂ ಅದರ ಅಂಗವಾಗಿದ್ದಿತು. ಆದರೆ ಕರ್ನಾಟಕದಿಂದ ಆಯ್ಕೆಯಾದವು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು. ಧಾರವಾಡ ಜಿಲ್ಲೆಯು ಹೊರಗೇ ಉಳಿಯಿತು. 1996ರ ಜನವರಿಯಲ್ಲಿ ಉಪಗ್ರಹದ ಮೂಲಕ ಚಿತ್ರವನ್ನು ಕಳುಹಿಸಿ, ದೂರವಾಣಿಯಲ್ಲಿ ಶಿಕ್ಷಕರ ಪ್ರಶ್ನೆಗಳನ್ನು ಸ್ವೀಕರಿಸುವ ಒಂದು ವಾರದ ಪ್ರಯೋಗವು ಕರ್ನಾಟಕದ ಹಲವು ಕೇಂದ್ರಗಳಲ್ಲಿ ನಡೆಯಿತು. ಕೇಳುಗನು ಮರುಪ್ರಶ್ನೆ ಹಾಕಬಹುದಾದದ್ದು ಅದರ ವಿಶೇಷ. ಇಂದಿನ ಎಷ್ಟೋ ಶಿಕ್ಷಣಕ್ರಮಗಳಲ್ಲಿ ಮುಂಚಿತವಾಗಿ ಚಿತ್ರೀಕರಿಸಿದ ಉಪನ್ಯಾಸವಿರುತ್ತದೆಯೇ ಹೊರತು ಈ ಸೌಲಭ್ಯವಿರುವುದಿಲ್ಲವೆಂಬುದನ್ನು ಗಮನಿಸಬೇಕು.

ಈಗ ವರ್ತಮಾನಕ್ಕೆ ಬರೋಣ. ಶಾಲಾಶಿಕ್ಷಕರಿಗಾಗಿ ಕೇಂದ್ರ ಸರಕಾರವು 2017ರಲ್ಲಿ ‘ದೀಕ್ಷಾ’ ಎಂಬ ಜಾಲವೇದಿಕೆಯನ್ನು ಆರಂಭಿಸಿತು. 2019ರ ಆಗಸ್ಟಿನಲ್ಲಿ ‘ನಿಷ್ಠಾ’ ಎಂಬ ಬೃಹತ್ ತರಬೇತಿ ಯೋಜನೆಯು ಮುಖಾಮುಖಿ ಶಿಬಿರಗಳೊಡನೆ ಪ್ರಾರಂಭವಾಯಿತು. ಮರುವರ್ಷ ಕೋವಿಡ್ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ಅಕ್ಟೋಬರ್ 2020ರಿಂದ, ಅದೇ ಶಿಕ್ಷಣವನ್ನು 18 ಘಟಕಗಳಾಗಿ ವಿಂಗಡಿಸಿ ದೀಕ್ಷಾ ವೇದಿಕೆಗೆ ತರಲಾಯಿತು. 2021ರಲ್ಲಿ ಪ್ರೌಢಶಾಲೆಯವರಿಗೂ, ಚಿಕ್ಕ ಮಕ್ಕಳಿಗೆ ಅಕ್ಷರ ಹಾಗೂ ಅಂಕಗಳನ್ನು ಕಲಿಸುವವರಿಗೂ ಬೇರೆ ಬೇರೆ ಕ್ರಮಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ಇಂತಹ ವ್ಯಾಸಂಗಕ್ಕೆ ಮೀಸಲಿಡಬೇಕೆಂದು ಅಪೇಕ್ಷಿಸಿದೆ. ಇವು ಕನ್ನಡದಲ್ಲಿಯೂ ದೊರೆತುದರಿಂದ ಹಳ್ಳಿಯ ಶಿಕ್ಷಕನಿಗೆ ಭಾಷೆಯ ತೊಡಕು ಉಂಟಾಗಲಿಲ್ಲ. ಸಂಜೆ ಮನೆಗೆಲಸ ತೀರಿದ ಮೇಲೆ ಘಟಕವನ್ನು ತೆರೆದಿಟ್ಟು, ಚಿತ್ರವು ತಾನೇ ಓಡಿ ಮುಗಿಯುವವರೆಗೆ ಬೇರೊಂದು ಕೆಲಸವನ್ನು ನೋಡಿಕೊಂಡವರೂ ಇದ್ದಾರೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಿಂದಿನ ಶಿಬಿರಗಳಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸಿದವರೂ ಇದ್ದರಷ್ಟೆ.

ಕಾಲೇಜು ಅಧ್ಯಾಪಕರ ಸಂಗತಿಯು ಸ್ವಲ್ಪ ಭಿನ್ನವಾದುದು. ನಮಗೆ ಹೆಚ್ಚು ಸಮೀಪವಾದುದು. 1986ರ ಶಿಕ್ಷಣ ನೀತಿಯ ಫಲವಾಗಿ ಸ್ಥಾಪಿತವಾದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಮೂರು ದಶಕಗಳ ಕಾಲ ನಮ್ಮ ಪುನರ್ಮನನ ಶಿಬಿರಗಳನ್ನು ನಡೆಸಿದವು. ಹಿರೇಕೆರೂರಿನಿಂದ ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಹಾನಗಲ್ಲಿಗಾಗಲಿ ಹಿರೇಕೆರೂರಿಗಾಗಲಿ ರೈಲು ಇಲ್ಲ. ಮೂರು ವಾರ ಮನೆಯನ್ನು ಬಿಟ್ಟು ವಸತಿಗೃಹದಲ್ಲಿರುವುದು ಪುರುಷರಿಗೆ ಹೇಗೋ ಸಾಧ್ಯ. ಚಿಕ್ಕ ಮಕ್ಕಳೂ ವಯಸ್ಸಾದ ಅತ್ತೆಮಾವಂದಿರೂ ಇರುವ ಮನೆಯ ಅಧ್ಯಾಪಿಕೆಗೆ ಆ ಮೂರು ವಾರಗಳು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಿದ್ದವು. ಅವುಗಳೊಡನೆ ಬಡ್ತಿಯೂ ಮುಂದಕ್ಕೆ ಹೋಗುತ್ತಿತ್ತು. ಅತಿಥಿ ಉಪನ್ಯಾಸಕರಿಗಂತೂ ಅಷ್ಟು ದಿನ ಪಾಠ ಬಿಟ್ಟರೆ ಗೌರವಧನಕ್ಕೇ ಕುತ್ತು. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಹೊರೆಯನ್ನು ಬಹುಮಟ್ಟಿಗೆ ಹೊತ್ತವರು ಅವರೇ ಎಂಬುದನ್ನು ನೆನೆದರೆ ಈ ವಿಷಯದ ಗೌರವವು ತಿಳಿದೀತು.

ಈ ಹಿನ್ನೆಲೆಯಲ್ಲಿ 2017ರ ಜುಲೈಯಲ್ಲಿ ಉದ್ಘಾಟನೆಗೊಂಡ ‘ಸ್ವಯಂ’ ವೇದಿಕೆಯು ಮುಖ್ಯವಾಗುತ್ತದೆ. ಅದರ ಪ್ರತಿಯೊಂದು ಶಿಕ್ಷಣಕ್ರಮಕ್ಕೂ ನಾಲ್ಕು ಅಂಗಗಳುಂಟು: ದೃಶ್ಯರೂಪದ ಉಪನ್ಯಾಸ, ಓದಲು ಸಿದ್ಧಪಡಿಸಿದ ಪಠ್ಯ, ಸ್ವಪರೀಕ್ಷೆಯ ಪ್ರಶ್ನೆಗಳು ಮತ್ತು ಸಂದೇಹಗಳ ಚರ್ಚೆ. ಕಲಿಯುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕವನ್ನು ತೆತ್ತು, ಗೊತ್ತಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. 2018ರಲ್ಲಿ ಅಧ್ಯಾಪಕರಿಗೆಂದೇ ‘ಅರ್ಪಿತ್’ ಎಂಬ 40 ಗಂಟೆಗಳ ವಾರ್ಷಿಕ ಪುನರ್ಮನನ ಕ್ರಮವು ಅದೇ ವೇದಿಕೆಯಲ್ಲಿ ಆರಂಭವಾಯಿತು. ಅದೇ ವರ್ಷದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಾವಳಿಯು ಬಡ್ತಿಗೆ ಬೇಕಾದ ಅರ್ಹತೆಗಳಲ್ಲಿ ಇಂತಹ ಜಾಲಶಿಕ್ಷಣಕ್ರಮವನ್ನೂ ಎಣಿಕೆಗೆ ತೆಗೆದುಕೊಂಡಿತು. 2023ರ ಸೆಪ್ಟೆಂಬರ್ 5ರಂದು ಪ್ರಾರಂಭವಾದ ಮಾಳವೀಯ ಅಧ್ಯಾಪಕ ತರಬೇತಿ ಯೋಜನೆಯು ದೇಶದ 111 ಕೇಂದ್ರಗಳ ಮೂಲಕ ಬಹುಮಟ್ಟಿಗೆ ಅಂತರಜಾಲದಲ್ಲಿಯೇ ನಡೆಯುತ್ತದೆ. ವಿದ್ಯಾರ್ಥಿಗಳೂ ಇದನ್ನು ತಿಳಿದಿರುವುದು ಒಳಿತು: 2021ರ ಆಯೋಗದ ನಿಯಮದಂತೆ ಒಂದು ಅವಧಿಯ ವಿಷಯಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಮೂಲಕ ಪಡೆದ ಅಂಕಮಾನವನ್ನು ತಮ್ಮ ವಿಶ್ವವಿದ್ಯಾನಿಲಯವು ಒಪ್ಪಿಕೊಳ್ಳಬಹುದಾಗಿದೆ.

ಅವಕಾಶಗಳ ಪಟ್ಟಿಯು ಇಷ್ಟಕ್ಕೇ ಮುಗಿಯುವುದಿಲ್ಲ. ಆದರೆ ಪಟ್ಟಿಯನ್ನು ಬೆಳೆಸುವುದಕ್ಕಿಂತ ಇತಿಹಾಸದ ಅಧ್ಯಾಪಕನಿಗೆ ಇವುಗಳಿಂದ ಆಗುವ ಉಪಯೋಗವೆಷ್ಟೆಂದು ನೋಡುವುದು ಮೇಲು. ಇತಿಹಾಸ ಲೇಖನಶಾಸ್ತ್ರ, ಸಂಶೋಧನ ವಿಧಾನ ಮೊದಲಾದ ಸಾಮಾನ್ಯ ವಿಷಯಗಳಲ್ಲಿ ಒಳ್ಳೆಯ ಉಪನ್ಯಾಸಗಳು ದೊರೆಯುತ್ತವೆ. ಅವು ಬಹುಪಾಲು ಇಂಗ್ಲಿಷಿನಲ್ಲಿವೆ, ಕೆಲವು ಹಿಂದಿಯಲ್ಲಿವೆ. ಹಾನಗಲ್ಲ ಕದಂಬರನ್ನಾಗಲಿ, ಪಾನುಂಗಲ್ಲು ಐನೂರರ ಆಡಳಿತವನ್ನಾಗಲಿ, ಸವಣೂರ ನವಾಬರಿಗೂ ಪೇಶ್ವೆಯವರಿಗೂ ನಡೆದ ವ್ಯವಹಾರಗಳನ್ನಾಗಲಿ ಕುರಿತು ಕನ್ನಡದಲ್ಲಿ ಪಾಠ ಹೇಳಬೇಕಾದವನಿಗೆ ಅವುಗಳಿಂದ ನೇರವಾದ ನೆರವು ಸ್ವಲ್ಪವೇ. ಶಿಕ್ಷಣಕ್ರಮಗಳಿಗಿಂತ ಆಕರಗಳ ದಿಕ್ಕಿನಲ್ಲಿ ಅಂತರಜಾಲವು ನಮಗೆ ಹೆಚ್ಚು ಉಪಕಾರ ಮಾಡಿದೆಯೆಂದು ನನ್ನ ಅಭಿಪ್ರಾಯ. ಮುಂಬಯಿ-ಕರ್ನಾಟಕದ ಶಾಸನಗಳನ್ನೊಳಗೊಂಡ ದಕ್ಷಿಣ ಭಾರತದ ಶಾಸನಗಳು ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಿಗಾಗಿ ಹಿಂದೆ ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕಾಗಿದ್ದಿತು. ಇಂದು ಅವನ್ನು ಮನೆಯಲ್ಲಿಯೇ ತೆರೆಯಬಹುದು. ಶೋಧಗಂಗಾ ಭಂಡಾರದಲ್ಲಿ ಪಿಎಚ್.ಡಿ. ಪ್ರಬಂಧಗಳೂ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ ಭಾರತವಾಣಿಯಲ್ಲಿ ನಿಘಂಟುಗಳೂ ದೊರೆಯುತ್ತವೆ. ಸವಣೂರಿನಲ್ಲಿ ಕುಳಿತವನೂ ಬೆಂಗಳೂರಿನಲ್ಲಿ ಕುಳಿತವನೂ ಈ ಮಟ್ಟಿಗೆ ಸಮಾನರಾಗಿರುವುದು ಸಣ್ಣ ಮಾತಲ್ಲ.

ಆದರೆ ಆಕರವು ಕೈಗೆ ಬಂದ ಮಾತ್ರಕ್ಕೆ ಅದನ್ನು ಓದುವ ಕಣ್ಣು ಬರುವುದಿಲ್ಲ. ಈ ವಿಷಯದಲ್ಲಿ ನನ್ನ ಒಂದು ಅನುಭವವನ್ನು ಹೇಳಬಹುದು. ನಾನು ಅಂತರಜಾಲದಲ್ಲಿ ಲಿಪಿಶಾಸ್ತ್ರದ ಪಾಠಗಳನ್ನು ಕೇಳಿ, ಕಲ್ಯಾಣದ ಚಾಲುಕ್ಯರ ಕಾಲದ ಅಕ್ಷರಪಟ್ಟಿಯನ್ನು ಬಾಯಿಪಾಠ ಮಾಡಿ, ಪ್ರಶ್ನೆಗಳಿಗೆ ಸರಿಯಾದ ಉತ್ತರ ಗುರುತಿಸಿ, ಪ್ರಮಾಣಪತ್ರವನ್ನೂ ಪಡೆದೆ. ಆ ಧೈರ್ಯದಿಂದ ವಿದ್ಯಾರ್ಥಿಗಳನ್ನು ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಕರೆದೊಯ್ದೆ. ಕಲ್ಲಿನ ಮುಂದೆ ನಿಂತಾಗ ಮೊದಲೆರಡು ಸಾಲುಗಳ ಅರ್ಧವೂ ಓಡಲಿಲ್ಲ. ಪರದೆಯ ಮೇಲೆ ವಕಾರ ಮಕಾರಗಳು ಸ್ಪಷ್ಟವಾಗಿ ಬೇರೆಯಾಗಿದ್ದವು. ಮಳೆಬಿಸಿಲಿಗೆ ಸವೆದ ಶಿಲೆಯಲ್ಲಿ ಅವೆರಡೂ ಒಂದೇ ಆಗಿ ತೋರಿದವು. ನಮ್ಮೊಡನೆ ಬಂದಿದ್ದ ನಿವೃತ್ತ ಅಧ್ಯಾಪಕರೊಬ್ಬರು ಏನನ್ನೂ ಹೇಳದೆ ಸಂಜೆಯವರೆಗೆ ಕಾಯಿಸಿದರು. ಓರೆಬಿಸಿಲು ಬಿದ್ದೊಡನೆ ಅಕ್ಷರಗಳ ಒಂದು ಬದಿಯಲ್ಲಿ ನೆರಳು ಕಟ್ಟಿ ಸಾಲುಗಳು ಮೇಲೆದ್ದಂತೆ ಕಂಡವು. ಬಿಸಿಲಿಲ್ಲದೆಡೆ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಬೇಕೆಂದೂ, ಕಲ್ಲಿಗೆ ಸೀಮೆಸುಣ್ಣ ಬಳಿಯುವುದು ಅಪರಾಧವೇ ಸರಿಯೆಂದೂ, ಒದ್ದೆ ಕಾಗದವನ್ನು ಕುಂಚದಿಂದ ತಟ್ಟಿ ಪಡಿಯಚ್ಚು ತೆಗೆಯುವುದಾದರೆ ಅನುಮತಿ ಬೇಕೆಂದೂ ಅವರು ಅಲ್ಲಿ ತಿಳಿಸಿದರು. ಆದರೂ ಪಾಠಗಳು ವ್ಯರ್ಥವಾದವೆಂದು ನಾನು ಹೇಳಲಾರೆ. ಅಕ್ಷರಪಟ್ಟಿಯು ಮನಸ್ಸಿನಲ್ಲಿ ಇಲ್ಲದಿದ್ದರೆ ಓರೆಬಿಸಿಲಿನಲ್ಲಿಯೂ ನಾನು ಗೆರೆಗಳನ್ನಷ್ಟೇ ಕಾಣುತ್ತಿದ್ದೆ.

ಇದರಿಂದ ನಾವು ಕೆಲವರು ಮಾಡಿಕೊಂಡ ಏರ್ಪಾಡನ್ನು ಇಲ್ಲಿ ತಿಳಿಸುವುದು ಅಪ್ರಸ್ತುತವಾಗಲಾರದು. ನಾಲ್ಕು ತಾಲ್ಲೂಕುಗಳ ಏಳೆಂಟು ಮಂದಿ ಅಧ್ಯಾಪಕರು, ಇವರಲ್ಲಿ ಅತಿಥಿ ಉಪನ್ಯಾಸಕರೂ ಸೇರಿದ್ದಾರೆ, ಒಂದೇ ಶಿಕ್ಷಣಕ್ರಮಕ್ಕೆ ಒಟ್ಟಿಗೆ ಹೆಸರು ನೋಂದಾಯಿಸುತ್ತೇವೆ. ವಾರದ ಉಪನ್ಯಾಸವನ್ನು ಅವರವರ ಮನೆಗಳಲ್ಲಿ ಕೇಳಿ, ಶನಿವಾರ ರಾತ್ರಿ ಒಂದು ಗಂಟೆ ಜಾಲದಲ್ಲಿಯೇ ಕೂಡಿ ಕನ್ನಡದಲ್ಲಿ ಚರ್ಚಿಸುತ್ತೇವೆ. ಒಬ್ಬರು ಉಪನ್ಯಾಸದ ಸಾರವನ್ನು ಕನ್ನಡದಲ್ಲಿ ಬರೆದು ತರಬೇಕೆಂಬುದು ನಿಯಮ. ಪಾರಿಭಾಷಿಕ ಪದಗಳ ಬಗೆಗೆ ನಡೆಯುವ ಜಗಳವೇ ಕೆಲವು ಸಲ ಗಂಟೆಯನ್ನು ನುಂಗುವುದುಂಟು. ತಿಂಗಳಿಗೊಮ್ಮೆ ಯಾವುದಾದರೊಂದು ಊರಿನ ಶಾಸನದ ಮುಂದೆ ಎಲ್ಲರೂ ಸೇರುತ್ತೇವೆ. ಇದಕ್ಕೆ ಪ್ರಮಾಣಪತ್ರವಿಲ್ಲ, ಬಡ್ತಿಯ ಎಣಿಕೆಯಲ್ಲಿ ಇದು ಸೇರುವುದೂ ಇಲ್ಲ. ಜಾಲದ ಮೇಲೆ ಕಳೆದ 40 ಗಂಟೆಗಳಿಗೆ ಮನ್ನಣೆಯುಂಟು, ಕಲ್ಲಿನ ಮುಂದೆ ಕಳೆದ ನಾಲ್ಕು ಗಂಟೆಗಳಿಗೆ ಇಲ್ಲವೆಂಬುದು ವಿಚಿತ್ರವಾದರೂ ನಿಜ; ಸಮೀಪದ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ಇಂತಹ ಕ್ಷೇತ್ರಪಾಠವನ್ನು ತಮ್ಮ ಜಾಲಶಿಕ್ಷಣದ ಅಂಗವನ್ನಾಗಿ ಮಾಡಿಕೊಂಡರೆ ಈ ಅಸಂಗತಿಯು ನೀಗೀತು.

ಮುಂದಿನ ಸಭೆಯು ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಸೇರತಕ್ಕದ್ದು. ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಅಲ್ಲಿಯ ಶಾಸನವನ್ನು ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆ ಸಂಪುಟವು ಅಂತರಜಾಲದಲ್ಲಿದೆ. ಪಾಠವನ್ನು ಮುದ್ರಿಸಿಕೊಂಡು, ಸಂಜೆ ನಾಲ್ಕು ಗಂಟೆಯ ಹೊತ್ತಿಗೆ, ಒಂದು ಕನ್ನಡಿಯೊಡನೆ ಸೋಮೇಶ್ವರ ದೇವಾಲಯದ ಬಳಿಗೆ ಬರಬೇಕೆಂದು ಎಲ್ಲರಿಗೂ ತಿಳಿಸಲಾಗಿದೆ.