ಹದಿನಾಲ್ಕು ಕೋರೋ, ಆರು ಕೋರೋ?
ಹಳೆಯ ಸರ್ವರ್ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ

ಶ್ರಾವಣದ ಸೋಮವಾರ, ಗುರುವಾರ ಬಂತೆಂದರೆ ಉರುಕುಂದದ ಈರಣ್ಣಸ್ವಾಮಿ ಗುಡಿಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಊರು ಆಂಧ್ರದ ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲದ್ದು. ಆದರೆ ಬಳ್ಳಾರಿ, ರಾಯಚೂರು ಕಡೆಯಿಂದ ಬಸ್ಸು, ಟ್ರ್ಯಾಕ್ಟರು ಹತ್ತಿ ಬಂದವರ ಕನ್ನಡ ದರ್ಶನದ ಸಾಲಿನಲ್ಲಿ ತೆಲುಗಿನಷ್ಟೇ ಕೇಳುತ್ತದೆ. ಕಾಯಿ-ಕರ್ಪೂರದ ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಸೌಂಡ್‌ಬಾಕ್ಸ್ ದುಡ್ಡು ಬಂತೆಂದು ಕೂಗುತ್ತದೆ. ನಾಲ್ಕು ಹೆಜ್ಜೆ ಆಚೆ ಫೋಟೊದವನು ಮಗುವಿನ ಜವಳದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ, ಬೆಳಕು ತಿದ್ದಿ, ಪ್ರಿಂಟ್ ಕೊಡುತ್ತಿರುತ್ತಾನೆ.

ಈ ಎರಡು ಕೆಲಸಗಳ ಹಿಂದೆ ಇರುವುದು ಎರಡು ಜಾತಿಯ ಪ್ರೊಸೆಸರ್. ಕಾಯಿ ಅಂಗಡಿಯ ಲೆಕ್ಕ ತೀರುವುದು ದೂರದ ಡೇಟಾ ಸೆಂಟರಿನ ಸರ್ವರ್‌ಗಳಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟು 2,000 ಕೋಟಿ ದಾಟಿತು. ಸರಾಸರಿ ತೆಗೆದರೆ ಸೆಕೆಂಡಿಗೆ 7,000ಕ್ಕೂ ಹೆಚ್ಚು. ಒಂದೊಂದೂ ತೀರಾ ಸಣ್ಣ ಕೆಲಸ, ಆದರೆ ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ಫೋಟೊದವನ ಕಂಪ್ಯೂಟರಿನ ಮುಂದೆ ಇರುವುದು ಒಂದೇ ಕೆಲಸ, ಅದಕ್ಕಾಗಿ ಕಾದು ನಿಂತವರು ಒಂದೇ ಮನೆಯವರು. ಮೊದಲನೆಯದು ಸಾವಿರಾರು ಜನರನ್ನು ಒಮ್ಮೆಗೇ ಸುಧಾರಿಸಬೇಕು. ಎರಡನೆಯದು ಎದುರಿಗೆ ನಿಂತವರನ್ನು ಬೇಗ ಕಳಿಸಬೇಕು. ಸರ್ವರ್ ಪ್ರೊಸೆಸರಿಗೂ ಡೆಸ್ಕ್‌ಟಾಪ್ ಪ್ರೊಸೆಸರಿಗೂ ಇರುವ ವ್ಯತ್ಯಾಸಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಅಗ್ಗದ ಝಿಯಾನ್

ಈ ಮಾತು ಈಗ ಬರಲು ಕಾರಣ ಇದೆ. ಅದೇ ಕರ್ನೂಲು ಜಿಲ್ಲೆಯ ಆದೋನಿಯಲ್ಲಿ ಮದುವೆ ಫೋಟೊ, ವಿಡಿಯೊ ಮಾಡುವ ನನ್ನ ಅಕ್ಕನ ಮಗ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟಿದ್ದ. ಲಗ್ನದ ಸೀಜನ್ ಶುರುವಾಗುವ ಮೊದಲು ಮೆಷೀನು ಬರಬೇಕಿತ್ತು.

"ಮಾವ, ಹದಿನಾಕು ಕೋರಿಂದು ಝಿಯಾನ್ ಐತಂತ. ಹೊಸ ಐ5 ಅಂದ್ರ ಬರೇ ಆರು ಕೋರು. ರೇಟು ನೋಡಿದ್ರ ಝಿಯಾನೇ ಕಮ್ಮಿ. ಕಣ್ಣು ಮುಚ್ಕಂಡು ತಗಂಬಿಡ್ಲೇನು?"

ಕೋರೆಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಒಂದು ಘಟಕ. ಅವನು ಹೇಳಿದ್ದು ಇಂಟೆಲ್ ಝಿಯಾನ್ ಇ5-2680 ವಿ4 ಎಂಬ ಸರ್ವರ್ ಪ್ರೊಸೆಸರ್. 2016ರಲ್ಲಿ ಬಂದಾಗ ಇದರ ಪಟ್ಟಿ ಬೆಲೆ 1,745 ಡಾಲರ್. ಈಗ ಹಳೆ ಮಾಲಿನ ಪೇಟೆಯಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಡೇಟಾ ಸೆಂಟರಿನವರು ಕೆಲವು ವರ್ಷ ದುಡಿಸಿದ ಸರ್ವರ್‌ಗಳನ್ನು ಸಾಲುಸಾಲಾಗಿ ತೆಗೆದುಹಾಕುತ್ತಾರೆ. ಅವು ಕೆಟ್ಟಿರುತ್ತವೆಂದಲ್ಲ, ಅಷ್ಟೇ ಜಾಗ, ಅಷ್ಟೇ ಕರೆಂಟಿನಲ್ಲಿ ಹೊಸವು ಹೆಚ್ಚು ಕೆಲಸ ಮಾಡುತ್ತವೆಂದು. ಹಾಗೆ ಹೊರಬಿದ್ದ ಪ್ರೊಸೆಸರನ್ನು ಚೀನಾದಲ್ಲಿ ತಯಾರಾದ 'ಎಕ್ಸ್99' ಹೆಸರಿನ ಮದರ್‌ಬೋರ್ಡಿಗೆ ಕೂರಿಸಿ, ಸರ್ವರಿನದೇ ಹಳೆ ರ್‍ಯಾಮ್ ಹಾಕಿ ಮಾರುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಆನ್‌ಲೈನ್ ಅಂಗಡಿಗಳವರೆಗೆ ಈ ವ್ಯಾಪಾರ ಇದೆ.

ಈ ಜಾತಿಯ ಪ್ರೊಸೆಸರಿನ ವಂಶ ಸಣ್ಣದಲ್ಲ. ಇದರ ಹಿಂದಿನ ತಲೆಮಾರಿನ ಇ5-2680 ವಿ3 ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಸಹಸ್ರಟಿ' ಸೂಪರ್‌ಕಂಪ್ಯೂಟರಿನ ಒಳಗಿತ್ತು. 2015ರಲ್ಲಿ ಶುರುವಾದ ಆ ಕ್ರೇ ಎಕ್ಸ್‌ಸಿ40 ಯಂತ್ರದಲ್ಲಿ 1,376 ನೋಡ್ (ಒಂದೊಂದೂ ಬಿಡಿ ಕಂಪ್ಯೂಟರಿನಂಥದ್ದು), ನೋಡಿಗೆ ಎರಡು ಪ್ರೊಸೆಸರ್, ಪ್ರೊಸೆಸರಿಗೆ 12 ಕೋರ್. ಒಟ್ಟು 33,024 ಕೋರ್. ಅಲ್ಲಿ ವಿಜ್ಞಾನಿಗಳ ಲೆಕ್ಕವನ್ನು ಸಾವಿರಾರು ತುಂಡು ಮಾಡಿ ಹಂಚುತ್ತಿದ್ದರು. ಆದೋನಿಯ ಸ್ಟುಡಿಯೊದಲ್ಲಿ ಕೆಲಸ ಹಾಗೆ ತುಂಡಾಗುತ್ತದೆಯೇ?

ಟಾಸ್ಕ್ ಮ್ಯಾನೇಜರ್ ಹೇಳಿದ ಸತ್ಯ

ಅವನ ಗೆಳೆಯನ ಸ್ಟುಡಿಯೊದಲ್ಲಿ ಇಂಥದ್ದೇ ಒಂದು ಮೆಷೀನು ಇತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. 14 ಕೋರ್, ಒಂದೊಂದಕ್ಕೆ ಎರಡು ಥ್ರೆಡ್, ಎಂದರೆ ಒಮ್ಮೆಗೇ ನಡೆಸಬಲ್ಲ ಎರಡು ಕೆಲಸದ ಸರಣಿ. ಹೀಗಾಗಿ ಪರದೆಯ ಮೇಲೆ 28 ಚೌಕಗಳು. ಆಲ್ಬಮ್ಮಿನ ಒಂದು ದೊಡ್ಡ ಪುಟ ತೆರೆದು ಫಿಲ್ಟರ್ ಹಾಕಿದಾಗ ಒಂದೆರಡು ಚೌಕ ಮೇಲಿನ ಗೆರೆಗೆ ಹೋಗಿ ಅಂಟಿಕೊಂಡವು. ಉಳಿದವು ನೆಲ ಬಿಟ್ಟು ಏಳಲಿಲ್ಲ. ಮೌಸಿನ ಮೇಲೆ ಕೈಯಿಟ್ಟು ಗೆಳೆಯ ಕಾಯುತ್ತಿದ್ದ. ಆಮೇಲೆ ಮುಗಿದ ಮದುವೆ ವಿಡಿಯೊವನ್ನು ಎಕ್ಸ್‌ಪೋರ್ಟಿಗೆ ಹಾಕಿದಾಗ ಮಾತ್ರ ಬಹುಪಾಲು ಚೌಕಗಳು ಎದ್ದು ನಿಂತವು, ಕ್ಯಾಬಿನೆಟ್ಟಿನ ಫ್ಯಾನು ಜೋರಾಯಿತು.

ಹತ್ತಿಯ ಊರಾದ ಆದೋನಿಯವರಿಗೆ ಇದನ್ನು ಅರ್ಥಮಾಡಿಸಲು ಜಿನ್ನಿಂಗ್ ಮಿಲ್ಲೇ ಸಾಕು. ಹತ್ತಿ ಬಿಡಿಸುವ ಜಿನ್ನುಗಳನ್ನು ಸಾಲಾಗಿ ಎಷ್ಟು ಬೇಕಾದರೂ ಹಾಕಬಹುದು, ಅಷ್ಟೂ ಬೇಗ ಅರಳೆ ಬರುತ್ತದೆ. ಆದರೆ ಬೇಲು ಕಟ್ಟುವ ಪ್ರೆಸ್ಸು ಒಂದೇ ಇದ್ದರೆ ಎಲ್ಲ ಅರಳೆಯೂ ಅದರ ಬಾಯಿಗೇ ಬರಬೇಕು. ಜಿನ್ನು ಹೆಚ್ಚಿಸಿದ್ದರಿಂದ ಪ್ರೆಸ್ಸಿನ ಹೊತ್ತು ಕಡಿಮೆಯಾಗುವುದಿಲ್ಲ. ಕಂಪ್ಯೂಟರಿನ ಮಟ್ಟಿಗೆ ಈ ಮಾತನ್ನು 1967ರಲ್ಲೇ ಲೆಕ್ಕ ಹಾಕಿ ಹೇಳಿದವರು ಐಬಿಎಂನ ಜೀನ್ ಆಮ್ಡಾಲ್.

ಅದೇ ಲೆಕ್ಕವನ್ನು ಇಲ್ಲಿಗೆ ಹಚ್ಚೋಣ. ಝಿಯಾನಿಗೆ ಎದುರಾಗಿ ನಿಲ್ಲಿಸಿದ್ದು ಸಾಮಾನ್ಯ ಡೆಸ್ಕ್‌ಟಾಪಿನ ಕೋರ್ ಐ5-12400. ಇದು 2022ರ ಜನವರಿಯದು, 6 ಕೋರ್, 12 ಥ್ರೆಡ್, ಹೊರಬಂದಾಗಿನ ಬೆಲೆ 200 ಡಾಲರಿನ ಆಸುಪಾಸು. ಝಿಯಾನಿನ ಗರಿಷ್ಠ ವೇಗ 3.3 ಗಿಗಾಹರ್ಟ್ಸ್, ಐ5ರದು 4.4. ವೇಗವಷ್ಟೇ ಅಲ್ಲ, ಹೊಸ ಕೋರು ಒಂದೊಂದು ಮಿಡಿತಕ್ಕೂ ಹೆಚ್ಚು ಕೆಲಸ ಮುಗಿಸುತ್ತದೆ. ಒಂದೇ ಕೋರನ್ನು ಅಳೆಯುವ ಪರೀಕ್ಷೆಗಳಲ್ಲಿ ಐ5 ಸುಮಾರು ಒಂದೂಮುಕ್ಕಾಲು ಪಟ್ಟು ಮುಂದಿದೆ.

ಝಿಯಾನಿನ ಒಂದೇ ಕೋರು ಮಾಡಿದರೆ 100 ನಿಮಿಷ ಹಿಡಿಯುವ ಕೆಲಸ ಒಂದಿದೆ ಎನ್ನಿ. ಅದರಲ್ಲಿ 60 ನಿಮಿಷದ್ದನ್ನು ಹಂಚಬಹುದು, 40 ನಿಮಿಷದ್ದು ಒಂದಾದ ಮೇಲೊಂದೇ ಆಗಬೇಕು. ಹದಿನಾಲ್ಕು ಕೋರಿಗೆ ಹಂಚಿದರೆ ಝಿಯಾನ್ ಸುಮಾರು 44 ನಿಮಿಷಕ್ಕೆ ಮುಗಿಸುತ್ತದೆ. ಆರೇ ಕೋರಿನ ಐ5 ತನ್ನ ವೇಗದಿಂದಾಗಿ 29 ನಿಮಿಷಕ್ಕೇ ಏಳುತ್ತದೆ. ಇನ್ನು ಹಂಚಬಹುದಾದ ಭಾಗ 95 ನಿಮಿಷದ್ದಾದರೆ ಇಬ್ಬರೂ 12 ನಿಮಿಷದ ಹತ್ತಿರ ಸರಿಸಮ. ಇದು ಕಾಗದದ ಮೇಲಿನ ಲೆಕ್ಕ. ಆದರೆ ಎಲ್ಲ ಕೋರನ್ನೂ ದುಡಿಸುವ ಪರೀಕ್ಷೆಗಳಲ್ಲೂ ಈ ಎರಡು ಪ್ರೊಸೆಸರ್ ಒಂದರ ಪಕ್ಕ ಒಂದು ನಿಲ್ಲುತ್ತವೆ. ಹದಿನಾಲ್ಕು ಕೋರಿನ ಲಾಭ ಕಾಣಬೇಕಾದರೆ ಕೆಲಸ ಪೂರ್ತಿ ಚೂರಾಗುವಂಥದ್ದಿರಬೇಕು. ಆಗಲೂ ಅದು ಹೊಸ ಆರರ ಸಮಕ್ಕೆ ಬರುತ್ತದೆ, ಅಷ್ಟೇ.

ವೇಗ ಕಡಿಮೆ ಏಕೆ?

ಹೊಸದಾಗಿ ಬಂದಾಗ ಎಂಟೊಂಬತ್ತು ಪಟ್ಟು ಬೆಲೆಯಿದ್ದ ಪ್ರೊಸೆಸರಿಗೆ ವೇಗವನ್ನೂ ಹೆಚ್ಚೇ ಕೊಡಬಹುದಿತ್ತಲ್ಲ ಎನ್ನಿಸುವುದು ಸಹಜ. ತಡೆಯುವುದು ಬಿಸಿ. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ಮತ್ತು ಕರೆಂಟಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ವೇಗ ಸ್ವಲ್ಪ ಏರಿದರೂ ಬಿಸಿ ಬಹಳ ಏರುತ್ತದೆ. ಝಿಯಾನಿನ ಮಿತಿ 120 ವ್ಯಾಟ್. ಹದಿನಾಲ್ಕಕ್ಕೆ ಹಂಚಿದರೆ ಕೋರೊಂದಕ್ಕೆ ಎಂಟೂವರೆ ವ್ಯಾಟ್. ಐ5ರ ಮೂಲ ಮಿತಿ 65 ವ್ಯಾಟ್, ಅವಸರದ ಕೆಲಸ ಬಂದಾಗ 117 ವ್ಯಾಟಿನವರೆಗೆ ಹೋಗಬಹುದು. ಆಗ ಕೋರೊಂದಕ್ಕೆ ಹತ್ತೊಂಬತ್ತೂವರೆ. ಹಗಲುರಾತ್ರಿ ನಿಲ್ಲದೆ ನಡೆಯಬೇಕಾದ ಸರ್ವರಿಗೆ ಹದವಾದ ವೇಗವೇ ಒಳ್ಳೆಯದು. ಡೆಸ್ಕ್‌ಟಾಪಿನದು ಒಂದು ಕ್ಷಣ ಓಡಿ, ಬಹಳ ಹೊತ್ತು ಸುಮ್ಮನಿರುವ ಬದುಕು.

ಈ ಕ್ರಮ ಇಂದಿನದಲ್ಲ. 2008ರ ಸೆಪ್ಟೆಂಬರಿನಲ್ಲಿ ಬಂದ ಝಿಯಾನ್ 7400, 'ಡನಿಂಗ್ಟನ್' ಎಂಬ ಸಂಕೇತನಾಮದ್ದು, ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಂಡ ಸರ್ವರ್ ಪ್ರೊಸೆಸರ್. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, 16 ಎಂಬಿ ಎಲ್3 ಕ್ಯಾಶ್. ಆದರೂ ಗರಿಷ್ಠ ವೇಗ 2.66 ಗಿಗಾಹರ್ಟ್ಸ್. ಅದೇ ವರ್ಷ ಸೈಬರ್ ಕೆಫೆಗಳಿಗೆ, ಮನೆಗಳಿಗೆ ಬಂದ ಕೋರ್ 2 ಡ್ಯುಯೊ ಇ8400ರಲ್ಲಿ ಎರಡೇ ಕೋರ್, 41 ಕೋಟಿ ಟ್ರಾನ್ಸಿಸ್ಟರ್. ವೇಗ ಮಾತ್ರ 3 ಗಿಗಾಹರ್ಟ್ಸ್.

ದುಡ್ಡು ಹೋಗುವುದು ಎಲ್ಲಿಗೆ?

ಎಎಂಡಿಯ 2022ರ ಎರಡು ಪ್ರೊಸೆಸರ್‌ಗಳನ್ನು ಪಕ್ಕಪಕ್ಕ ಇಟ್ಟರೆ ಸರ್ವರ್ ಪ್ರೊಸೆಸರ್ ಏಕೆ ಅಷ್ಟು ದುಬಾರಿ ಎಂಬುದಕ್ಕೆ ಉತ್ತರ ಸಿಗುತ್ತದೆ. ಡೆಸ್ಕ್‌ಟಾಪಿನ ರೈಜೆನ್ 7 7700ಎಕ್ಸ್‌ನಲ್ಲಿ ಎಂಟು ಕೋರಿನ ಒಂದು ಸಿಲಿಕಾನ್ ತುಂಡು ಇದೆ. ಸರ್ವರಿನ ಎಪಿಕ್ 9654ರಲ್ಲಿ ಇರುವುದೂ ಅದೇ ಝೆನ್ 4 ವಿನ್ಯಾಸದ ತುಂಡು, ಒಂದರ ಬದಲು ಹನ್ನೆರಡು. ಹಾಗಾಗಿ 96 ಕೋರ್. ರೈಜೆನ್ 5.4 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಎಪಿಕ್ 3.7ಕ್ಕೆ ನಿಲ್ಲುತ್ತದೆ. ಬೆಲೆ 399 ಡಾಲರ್ ಒಂದರದು, 11,805 ಡಾಲರ್ ಇನ್ನೊಂದರದು. ಕೋರಿನ ಲೆಕ್ಕದಲ್ಲಿ ಭಾಗಿಸಿದರೆ ನಿಧಾನ ಓಡುವ ಸರ್ವರ್ ಕೋರೇ ಸುಮಾರು ಎರಡೂವರೆ ಪಟ್ಟು ದುಬಾರಿ!

ಹೆಚ್ಚಿನ ದುಡ್ಡು ಕೋರಿನ ಸುತ್ತಲಿನ ವ್ಯವಸ್ಥೆಗೆ. ರೈಜೆನ್ನಿಗೆ ರ್‍ಯಾಮಿನ ಕಡೆ ಹೋಗಲು ಎರಡು ದಾರಿ, ಎಪಿಕ್‌ಗೆ ಹನ್ನೆರಡು. ಒಂದೇ ಬೋರ್ಡಿನಲ್ಲಿ ಎರಡು ಎಪಿಕ್ ಕೂರಿಸಬಹುದು. ಡಿಸ್ಕು, ನೆಟ್‌ವರ್ಕ್ ಕಾರ್ಡುಗಳಿಗೆ 128 ಪಿಸಿಐಇ ಲೇನುಗಳಿವೆ. ಸರ್ವರ್ ಬೋರ್ಡಿನಲ್ಲಿ ದೂರದಿಂದಲೇ ಮೆಷೀನನ್ನು ಆರಿಸಿ ಹಚ್ಚುವ ಬೇರೆಯೇ ಚಿಪ್ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇಸಿಸಿ ರ್‍ಯಾಮ್. ರ್‍ಯಾಮಿನಲ್ಲಿ ಆಗೀಗ ಒಂದು ಬಿಟ್ ತಾನಾಗಿ ತಿರುಗಿಬಿಡುವುದುಂಟು, ಸೊನ್ನೆ ಇದ್ದದ್ದು ಒಂದಾಗುವುದುಂಟು. ಇಸಿಸಿಯಲ್ಲಿ 64 ಬಿಟ್ಟಿಗೆ 8 ಬಿಟ್ ಹೆಚ್ಚಿಗೆ ಇಟ್ಟು ಕಾವಲು ಕಾಯುತ್ತಾರೆ. ಒಂದು ಬಿಟ್ ತಪ್ಪಿದರೆ ಅಲ್ಲೇ ತಿದ್ದುತ್ತದೆ, ಎರಡು ತಪ್ಪಿದರೆ ಗುರುತಿಸಿ ತಿಳಿಸುತ್ತದೆ. ಆಲ್ಬಮ್ಮಿನ ಒಂದು ಚುಕ್ಕಿಯ ಬಣ್ಣ ಬದಲಾದರೆ ಯಾರ ಕಣ್ಣಿಗೂ ಬೀಳದು. ಬ್ಯಾಂಕ್ ಖಾತೆಯ ಅಂಕಿ ಬದಲಾದರೆ? ಬೆಂಗಳೂರಿನ ಹೆಬ್ಬಾಳ ಮತ್ತು ಮಾನೇಸರದ ಆಧಾರ್ ಡೇಟಾ ಸೆಂಟರುಗಳಂಥ ಕಡೆ, ರೇಷನ್ನಿಗೆ ಒತ್ತಿದ ಹೆಬ್ಬೆಟ್ಟು ಯಾರದೆಂದು ಹೇಳುವಾಗ ತಪ್ಪಾದರೆ? ಅಲ್ಲಿ ಈ ಕಾವಲಿಗೆ ಕೊಟ್ಟ ದುಡ್ಡು ದಂಡವಲ್ಲ.

ಇಲ್ಲಿ ಒಂದು ತಮಾಷೆಯೂ ಇದೆ. ಹಳೆ ಝಿಯಾನಿನ ದೊಡ್ಡ ಗುಣ ನಾಲ್ಕು ದಾರಿಯ ಡಿಡಿಆರ್4 ರ್‍ಯಾಮ್. ಅದು ಸೆಕೆಂಡಿಗೆ 76.8 ಜಿಬಿ ಸಾಗಿಸುತ್ತದೆ. ಐ5-12400ಕ್ಕೆ ಹೊಸ ಡಿಡಿಆರ್5-4800 ರ್‍ಯಾಮ್ ಹಾಕಿದರೆ ಎರಡೇ ದಾರಿಯಲ್ಲಿ ಸರಿಯಾಗಿ ಅದೇ 76.8 ಜಿಬಿ. ಝಿಯಾನ್ ಹುಟ್ಟಿದಾಗ ಸಾಮಾನ್ಯ ಡೆಸ್ಕ್‌ಟಾಪಿಗೆ ಸಿಗದಿದ್ದ ಅನುಕೂಲ ಆರು ವರ್ಷಕ್ಕೆ ಮನೆಯ ಮೇಜಿಗೆ ಇಳಿದಿತ್ತು.

ಅಂಗಡಿಯವನು ಹೇಳದ ಮಾತು

ಇನ್ನು ಕೊಳ್ಳುವವರಿಗೆ ಬೇಕಾದ ವಿವರ. ಸರ್ವರ್ ಕೋಣೆಯಲ್ಲಿ ಪರದೆ ಇರುವುದಿಲ್ಲ, ಆದ್ದರಿಂದ ಈ ಝಿಯಾನಿನಲ್ಲಿ ಗ್ರಾಫಿಕ್ಸೂ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ ಚಿತ್ರವೇ ಮೂಡದು. ಐ5-12400ರಲ್ಲಿ ಗ್ರಾಫಿಕ್ಸ್ ಜೊತೆಗೇ ಬರುತ್ತದೆ, ಅದರೊಳಗೆ ವಿಡಿಯೊ ಬಿಡಿಸಿ ಕಟ್ಟುವ 'ಕ್ವಿಕ್ ಸಿಂಕ್' ವಿಭಾಗವೂ ಇದೆ. ಎಡಿಟಿಂಗ್ ತಂತ್ರಾಂಶ ಅದನ್ನು ಬಳಸಿಕೊಂಡರೆ ಎಕ್ಸ್‌ಪೋರ್ಟಿನ ಭಾರ ಕೋರುಗಳ ಮೇಲಿಂದ ಇಳಿಯುತ್ತದೆ. ಮಾದರಿಯ ಕೊನೆಗೆ 'ಎಫ್' ಅಕ್ಷರವಿದ್ದರೆ ಈ ಎರಡೂ ಇರುವುದಿಲ್ಲ, ನೋಡಿ ಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇ5 ವಿ4 ಇಲ್ಲ, ಐ5-12400 ಇದೆ. ಹೇಗೋ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಮುಂದೆ ಅಪ್‌ಡೇಟ್ ಕೈಕೊಟ್ಟರೆ ಅವರೇ ಬರುತ್ತಾರೆಂಬ ಖಾತ್ರಿ ಇಲ್ಲ. ಪ್ರೊಸೆಸರಿಗಿಂತ ಹೆಚ್ಚು ಅನುಮಾನಿಸಬೇಕಾದದ್ದು ಅದರ ಕೆಳಗಿನ ಬೋರ್ಡನ್ನು. 'ಎಕ್ಸ್99' ಎಂದು ಬರೆದಿದ್ದರೂ ಅಂಥ ಹಲವು ಬೋರ್ಡುಗಳಲ್ಲಿ ಕೂತಿರುವುದು ಹಳೆ ಡೆಸ್ಕ್‌ಟಾಪ್ ಚಿಪ್‌ಸೆಟ್. ಸರ್ವರಿನ ರಿಜಿಸ್ಟರ್ಡ್ ರ್‍ಯಾಮ್ ಅಗ್ಗವೆಂದು ಹೆಚ್ಚಿಗೆ ತಂದಿಟ್ಟುಕೊಂಡರೆ ನಾಳೆ ಅದು ಸಾಮಾನ್ಯ ಡೆಸ್ಕ್‌ಟಾಪಿಗೆ ಹೊಂದುವುದೂ ಇಲ್ಲ. ಕರೆಂಟಿನದು ಸರಳ ಗಣಿತ: 100 ವ್ಯಾಟ್ ಹೆಚ್ಚು ಎಳೆಯುವ ಮೆಷೀನು ದಿನಕ್ಕೆ ಹತ್ತು ತಾಸು ನಡೆದರೆ ಒಂದು ಯೂನಿಟ್ ಹೆಚ್ಚು.

ಹಾಗಾದರೆ ಹಳೆ ಝಿಯಾನ್ ಯಾರಿಗೂ ಬೇಡವೇ? ಬೇಕು. ಒಂದೇ ಮೆಷೀನಿನಲ್ಲಿ ಐದಾರು ವರ್ಚುವಲ್ ಕಂಪ್ಯೂಟರ್ ಎಬ್ಬಿಸಿ ಲಿನಕ್ಸ್, ನೆಟ್‌ವರ್ಕಿಂಗ್ ಕಲಿಯುವ ಇಂಜಿನಿಯರಿಂಗ್ ಹುಡುಗರಿಗೆ ಇಷ್ಟು ದುಡ್ಡಿಗೆ ಇಷ್ಟು ಕೋರು, ಇಷ್ಟು ರ್‍ಯಾಮು ಬೇರೆಲ್ಲೂ ಸಿಗದು. ಥ್ರೀಡಿ ಚಿತ್ರಗಳನ್ನು ರಾತ್ರಿಯಿಡೀ ರೆಂಡರಿಗೆ ಹಾಕಿ ಮಲಗುವವರಿಗೂ ಆದೀತು. ಅವರು ಪರದೆಯ ಮುಂದೆ ಕೂತು ಕಾಯುವುದಿಲ್ಲ.

ನನ್ನ ಅಕ್ಕನ ಮಗನ ದಿನ ಹಾಗಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅವನು ಒಂದೊಂದೇ ಫೋಟೊ ತೆರೆಯುತ್ತಾನೆ, ತಿದ್ದುತ್ತಾನೆ, ಗಿರಾಕಿಗೆ ತೋರಿಸುತ್ತಾನೆ. ಎಕ್ಸ್‌ಪೋರ್ಟ್ ಬರುವುದು ಅಂಗಡಿ ಮುಚ್ಚುವ ಹೊತ್ತಿಗೆ. ದಿನವಿಡೀ ಕಾಯುವವನು ಅವನೇ ಆದ್ದರಿಂದ ಐ5 ತಗೊಳ್ಳಲು ಹೇಳಿದೆ. ಉಳಿಯುವ ದುಡ್ಡೇನೂ ಇಲ್ಲ, ಉಳಿಯುವುದು ಹೊತ್ತು. ಅವನು ಇನ್ನೂ ಪೂರ್ತಿ ಒಪ್ಪಿಲ್ಲ. "ಹದಿನಾಕು ಅಂದ್ರ ಗಿರಾಕಿ ಮುಂದ ಒಂದು ತೂಕ ಇರ್ತಿತ್ತು ಮಾವ" ಅನ್ನುತ್ತಾನೆ. ಗಿರಾಕಿ ಕೇಳುವುದು ಆಲ್ಬಮ್ ಯಾವತ್ತು ಕೊಡ್ತೀಯ ಅಂತ, ಎಷ್ಟು ಕೋರು ಅಂತಲ್ಲ.